ಸುಟ್ಟ ಗುಡ್ಡಕ್ಕೆ ಮತ್ತೆ ಗಿಡ: ಬೆಳಗಾವಿ, ಬಾಗಲಕೋಟೆ, ವಿಜಯಪುರದವರಿಗೆ ಹಂತ ಹಂತದ ಮಾರ್ಗದರ್ಶಿ

ಬೇಸಿಗೆಯಲ್ಲಿ ಗುಡ್ಡಕ್ಕೆ ಬೆಂಕಿ ಬೀಳುತ್ತದೆ. ಜೂನ್‌ನಲ್ಲಿ ಊರ ಹುಡುಗರು, ಶಾಲೆ ಮಕ್ಕಳು ಸೇರಿ ಸಸಿ ಹಚ್ಚುತ್ತಾರೆ. ಮುಂದಿನ ಏಪ್ರಿಲ್‌ನಲ್ಲಿ ಹೋಗಿ ನೋಡಿದರೆ ಆಸರೆಗೆ ನೆಟ್ಟ ಕೋಲು ಮಾತ್ರ ಉಳಿದಿರುತ್ತದೆ. ಮರುವರ್ಷ ಅದೇ ತಗ್ಗಿಗೆ ಇನ್ನೊಂದು ಸಸಿ. ಖಾನಾಪುರ, ಗೋಕಾಕ, ಬಾದಾಮಿ, ಎಲ್ಲಿ ಕೇಳಿದರೂ ಇದೇ ಗೋಳು. ಹೆಚ್ಚಿನ ಕಡೆ ತಪ್ಪುವುದು ಕೆಲಸದ ಕ್ರಮ. ಸಸಿ ಹಚ್ಚುವುದು ಈ ಕೆಲಸದಲ್ಲಿ ಎಂಟನೇ ಹಂತ. ನಾವು ಅಲ್ಲಿಂದಲೇ ಶುರು ಮಾಡುತ್ತೇವೆ.

ಅದಕ್ಕೆ ಮೊದಲೇ ಹೇಳಿಬಿಡುತ್ತೇನೆ: ಬೆಂಕಿ ಬಿದ್ದ ವರ್ಷವೇ ಸಸಿ ಹಚ್ಚಬೇಡಿ. ಆ ಮಳೆಗಾಲ ನೋಡುವುದಕ್ಕೆ, ಅದರ ಮುಂದಿನ ಮಳೆಗಾಲ ಹಚ್ಚುವುದಕ್ಕೆ. ಕೆಳಗಿನ ಹಂತಗಳೆಲ್ಲ ಈ ಲೆಕ್ಕದಲ್ಲೇ ಇವೆ.

ಬೇಕಾಗುವ ಸಾಮಾನು

ಗುದ್ದಲಿ, ಸಲಿಕೆ, ಹಾರೆ, ಕುಡಗೋಲು, ಬುಟ್ಟಿ. ಇಳಿಜಾರಿನ ಮಟ್ಟ ನೋಡಲು ಗೌಂಡಿಗಳು ಬಳಸುವ ನೀರಿನ ಲೆವೆಲ್ ಪೈಪ್. ಅಳತೆಗೆ 40 ಮೀಟರ್ ಹಗ್ಗ. ಗುರುತಿಗೆ ಸುಣ್ಣ, ಬಣ್ಣದ ಬಟ್ಟೆ ಚೂರು. ಬೀಜ ಇಡಲು ಗೋಣಿಚೀಲ ಅಥವಾ ಹಳೆ ಸೀರೆಯ ಗಂಟು. ಪ್ಲಾಸ್ಟಿಕ್ ಚೀಲದಲ್ಲಿ ಬೀಜ ಬೆವತು ಕೆಡುತ್ತದೆ. ಜೊತೆಗೆ ಒಂದು ನೋಟ್‌ಬುಕ್. ಎರಡನೇ ವರ್ಷ ಎಲ್ಲಿ ಏನು ಹಚ್ಚಿದ್ದೆವು ಅನ್ನುವುದು ಯಾರಿಗೂ ನೆನಪಿರುವುದಿಲ್ಲ, ಆಗ ಆ ನೋಟ್‌ಬುಕ್ಕೇ ಗತಿ.

ಹಂತ 1: ಜಾಗ ಯಾರದು, ಅದು ಮೊದಲು ಏನಾಗಿತ್ತು?

ಸುಟ್ಟ ಜಾಗ ಮೀಸಲು ಅರಣ್ಯವಾಗಿದ್ದರೆ ಅಲ್ಲಿ ನಿಮ್ಮಷ್ಟಕ್ಕೆ ನೀವು ಗುದ್ದಲಿ ಹಾಕುವಂತಿಲ್ಲ. 1963ರ ಕರ್ನಾಟಕ ಅರಣ್ಯ ಕಾಯ್ದೆ ಬಿಡುವುದಿಲ್ಲ. ಭೀಮಗಡದಂಥ ವನ್ಯಧಾಮದಲ್ಲಿ 1972ರ ವನ್ಯಜೀವಿ ಕಾಯ್ದೆಯೂ ಸೇರುತ್ತದೆ. ವಲಯ ಅರಣ್ಯಾಧಿಕಾರಿಗೆ ಅರ್ಜಿ ಕೊಡಿ. ಊರಲ್ಲಿ ಗ್ರಾಮ ಅರಣ್ಯ ಸಮಿತಿ ಇದ್ದರೆ ಅದರ ಮೂಲಕ ಹೋಗುವುದು ಸಲೀಸು. ಒಪ್ಪಿಗೆ ಬರಹದಲ್ಲಿ ಇರಲಿ. ಗಾಯರಾಣವಾದರೆ ಪಂಚಾಯಿತಿಯ ಒಪ್ಪಿಗೆ ಬೇಕು, ಅಲ್ಲಿ ದನ ಮೇಯಿಸುವವರ ಒಪ್ಪಿಗೆ ಅದಕ್ಕಿಂತ ಜಾಸ್ತಿ ಬೇಕು.

ಬಾದಾಮಿ, ಐಹೊಳೆ, ಪಟ್ಟದಕಲ್ಲಿನ ಕಡೆಯವರು ಇನ್ನೊಂದು ನೋಡಿಕೊಳ್ಳಬೇಕು. ಕೇಂದ್ರ ಪುರಾತತ್ವ ಇಲಾಖೆಯ ಸ್ಮಾರಕದ ಸುತ್ತ 100 ಮೀಟರ್ ನಿಷೇಧಿತ ಪ್ರದೇಶ, ಅದರಾಚೆಗಿನ 200 ಮೀಟರ್ ನಿಯಂತ್ರಿತ ಪ್ರದೇಶ. ಅಲ್ಲಿ ಅಗೆಯುವ ಮೊದಲು ಆ ಇಲಾಖೆಯವರನ್ನು ಕೇಳಿ.

ಇನ್ನು ಎರಡನೇ ಪ್ರಶ್ನೆ. ಇದನ್ನು ಯಾರೂ ಕೇಳುವುದೇ ಇಲ್ಲ. ಸುಟ್ಟದ್ದು ನಿಜವಾಗಿ ಕಾಡೇನಾ? ಬಾಗಲಕೋಟೆ, ವಿಜಯಪುರದ ಎಷ್ಟೋ ಮರಡಿಗಳು ಹುಟ್ಟಾ ಹುಲ್ಲುಗಾವಲು. ಅಲ್ಲೊಂದು ಇಲ್ಲೊಂದು ಜಾಲಿ, ಬಾರೆ, ನಡುವೆ ಹುಲ್ಲು, ಅಷ್ಟೇ ಅಲ್ಲಿನ ರೂಪ. ಯಡಹಳ್ಳಿಯ ಚಿಂಕಾರ ಹುಲ್ಲೆಗಳು, ಬಯಲಿನ ತೋಳಗಳು ಬದುಕುವುದು ಇಂಥ ನೆಲದಲ್ಲೇ. ಅಲ್ಲಿ ಸಾಲು ಸಾಲು ಮರ ಬೆಳೆಸಿದರೆ ಅವುಗಳ ಮನೆ ಕಿತ್ತಂತೆ. ಖಾನಾಪುರ ಘಟ್ಟದ ಮೇಲಿನ ಜಂಬಿಟ್ಟಿಗೆ ಕಲ್ಲಿನ ಬಯಲುಗಳೂ ಹಾಗೇ, ಮಳೆಗಾಲದಲ್ಲಿ ಹೂ ತುಂಬುವ ಜಾಗ, ಮರದ್ದಲ್ಲ. ಗುರುತು ಸುಲಭ: ದಪ್ಪ ಕಾಂಡದ ಸುಟ್ಟ ಬೊಡ್ಡೆಗಳು ಇದ್ದರೆ ಕಾಡು. ಬೊಡ್ಡೆಯೇ ಇಲ್ಲ, ಬರೀ ಹುಲ್ಲಿನ ಬುಡ ಕಪ್ಪಾಗಿದೆ ಅಂದರೆ ಊರ ಹಿರಿಯರನ್ನು ಕೇಳಿ. ಅವರ ನೆನಪಲ್ಲೂ ಅಲ್ಲಿ ಮರ ಇರಲಿಲ್ಲ ಅಂದರೆ ಬೇಲಿ ಕಾಯ್ದು ಬಿಟ್ಟುಬಿಡಿ, ಒಂದೇ ಮಳೆಗೆ ಹುಲ್ಲು ಬರುತ್ತದೆ.

ಹಂತ 2: ಬೂದಿ ಆರಿದ ಮೇಲೆ ಒಂದು ಸುತ್ತು

ಬೆಂಕಿ ಆರಿದ ಮರುದಿನವೇ ಒಳಗೆ ಹೋಗಬೇಡಿ. ಒಣ ಬೊಡ್ಡೆಯ ಬೇರು ನೆಲದೊಳಗೆ ಎಷ್ಟೋ ದಿನ ಕೆಂಡವಾಗಿ ಉರಿಯುತ್ತಿರುತ್ತದೆ. ಮೇಲೆ ಬೂದಿ ಮುಚ್ಚಿರುತ್ತದೆ, ಕಾಲಿಟ್ಟರೆ ಮೊಣಕಾಲವರೆಗೆ ಒಳಗೆ. ಕೋಲಿನಿಂದ ತಟ್ಟಿ ನೋಡಿಯೇ ಹೆಜ್ಜೆ ಇಡಿ. ಬುಡ ಸುಟ್ಟು ನಿಂತ ಮರಗಳು ಸ್ವಲ್ಪ ಗಾಳಿಗೂ ಬೀಳುತ್ತವೆ. ಅವುಗಳ ಕೆಳಗೆ ಕೂತು ಬುತ್ತಿ ಬಿಚ್ಚಬೇಡಿ.

ಈ ಸುತ್ತಿನಲ್ಲಿ ಮಾಡಬೇಕಾದ್ದು ಒಂದೇ: ಯಾವುದು ಬದುಕಿದೆ ಅಂತ ನೋಡುವುದು. ಮರದ ಬುಡದಲ್ಲಿ, ನೆಲದಿಂದ ನಾಲ್ಕು ಬೆರಳು ಮೇಲೆ, ಸುಟ್ಟ ತೊಗಟೆಯನ್ನು ಚಾಕುವಿನ ತುದಿಯಿಂದ ಸ್ವಲ್ಪ ಕೆರೆಯಿರಿ. ಕಪ್ಪು ಪುಡಿ ಉದುರಿದ ಮೇಲೆ ಕಂದು ಪದರ ಬರುತ್ತದೆ. ಅದರ ಕೆಳಗೆ ಹಸಿಯಾದ, ಹಸಿರೋ ತಿಳಿ ಕೆಂಪೋ ಬಣ್ಣದ ತೊಗಟೆ ಸಿಕ್ಕಿ ಬೆರಳಿಗೆ ತೇವ ಹತ್ತಿದರೆ ಮರ ಜೀವಂತ. ಮರದ ಪುಡಿಯಂತೆ ಒಣಗಿ ಉದುರಿದರೆ ಆ ಕಡೆ ಸತ್ತಿದೆ. ಇನ್ನೂ ಮೂರು ಕಡೆ ಕೆರೆದು ನೋಡಿ. ಬೆಂಕಿ ಸಾಮಾನ್ಯವಾಗಿ ಗಾಳಿಯ ಮರೆಯ ಬದಿಯನ್ನೇ ಜಾಸ್ತಿ ಸುಡುತ್ತದೆ, ಇನ್ನೊಂದು ಬದಿ ಗಟ್ಟಿ ಇರಬಹುದು. ಸುತ್ತಲೂ ಸತ್ತಿದ್ದರೂ ಬೇರು ಸತ್ತಿದೆ ಅಂತಲ್ಲ. ಮತ್ತಿ, ದಿಂಡಲು, ಮುತ್ತುಗ, ಕೌಲು, ಸಾಗವಾನಿ ಇವೆಲ್ಲ ಮೇಲಿನದು ಪೂರ್ತಿ ಸುಟ್ಟರೂ ಬುಡದಿಂದ ಚಿಗುರುವ ಜಾತಿಗಳು.

ಇಲ್ಲಿ ಜನ ಮಾಡುವ ದೊಡ್ಡ ತಪ್ಪು ಸ್ವಚ್ಛತೆ. ಸುಟ್ಟ ಕಟ್ಟಿಗೆ ಎಲ್ಲ ಸಾಗಿಸಿ, ಜೆಸಿಬಿ ತರಿಸಿ ಗುಡ್ಡವನ್ನು ಹಸನು ಮಾಡುತ್ತಾರೆ. ಜೆಸಿಬಿ ಒಂದು ದಿನದಲ್ಲಿ ಕೀಳುವ ಜೀವಂತ ಬೇರುಗಳಷ್ಟು ಸಸಿಯನ್ನು ಹತ್ತು ವರ್ಷ ಹಚ್ಚಿದರೂ ನೀವು ಉಳಿಸಲಾರಿರಿ. ದಾರಿ ಮೇಲೆ ಬೀಳುವಂತಿರುವ ಮರ ಬಿಟ್ಟು ಬೇರೆ ಏನನ್ನೂ ಮುಟ್ಟಬೇಡಿ.

ಹಂತ 3: ಮೊದಲ ಮಳೆಗೆ ಮುಂಚೆ ಮಣ್ಣು ಹಿಡಿಯಿರಿ

ಬೆಂಕಿಗಿಂತ ಮೊದಲ ದೊಡ್ಡ ಮಳೆಯೇ ಜಾಸ್ತಿ ಹಾಳು ಮಾಡುತ್ತದೆ. ಎಲೆ, ಹುಲ್ಲು ಇಲ್ಲದ ನೆಲಕ್ಕೆ ಹನಿ ನೇರ ಬಡಿಯುತ್ತದೆ, ಮೇಲ್ಮಣ್ಣು ಬೂದಿ ಸಮೇತ ಹಳ್ಳಕ್ಕೆ ಹೋಗುತ್ತದೆ. ಜೋರಾಗಿ ಸುಟ್ಟ ಕಡೆ ಇನ್ನೊಂದು ತೊಂದರೆ: ಮಣ್ಣಿನ ಮೇಲ್ಪದರ ನೀರನ್ನೇ ಒಳಗೆ ಬಿಡುವುದಿಲ್ಲ. ಇದನ್ನು ಅಲ್ಲೇ ಪರೀಕ್ಷೆ ಮಾಡಬಹುದು. ಬೂದಿ ಸರಿಸಿ, ಒಣ ಮಣ್ಣಿನ ಮೇಲೆ ನಾಲ್ಕು ಹನಿ ನೀರು ಬಿಡಿ. ಕೂಡಲೇ ಹೀರಿದರೆ ಚಿಂತೆಯಿಲ್ಲ. ಹನಿ ಗುಂಡಗೆ, ಮೇಲೆ ಧೂಳು ಮೆತ್ತಿಕೊಂಡು ಹಾಗೇ ಕೂತಿದ್ದರೆ ಆ ಜಾಗಕ್ಕೆ ಗುರುತು ಹಾಕಿ. ಅಲ್ಲಿ ಮೊದಲ ಮಳೆಯ ನೀರು ಇಂಗದೆ ಹರಿಯುತ್ತದೆ. ಗುದ್ದಲಿಯಿಂದ ಎರಡು ಬೆರಳು ಆಳ ಅಲ್ಲಲ್ಲಿ ಕೆದಕಿ ಬಿಟ್ಟರೆ ಸಾಕು.

ಬಿದ್ದ ಕೊಂಬೆಗಳನ್ನು ಇಳಿಜಾರಿಗೆ ಅಡ್ಡವಾಗಿ, ನೆಲಕ್ಕೆ ಅಂಟುವಂತೆ ಮಲಗಿಸಿ. ಕೆಳಗಡೆ ಗೂಟ ಹೊಡೆಯಿರಿ ಅಥವಾ ಕಲ್ಲು ಆನಿಸಿ. ಕೊಂಬೆಗೂ ನೆಲಕ್ಕೂ ನಡುವೆ ಸಂದಿ ಬಿಟ್ಟರೆ ನೀರು ಅಲ್ಲೇ ನುಗ್ಗಿ ಕೊರಕಲು ಬೀಳುತ್ತದೆ, ಇಟ್ಟದ್ದಕ್ಕಿಂತ ಇಡದಿದ್ದುದೇ ವಾಸಿ ಅನಿಸುತ್ತದೆ. ಗುಳೇದಗುಡ್ಡ, ಬಾದಾಮಿ ಕಡೆ ಕಟ್ಟಿಗೆ ಕಡಿಮೆ, ಕಲ್ಲು ಬೇಕಾದಷ್ಟು. ಮೊಣಕಾಲೆತ್ತರದ ಕಲ್ಲಿನ ಸಾಲು ಕಟ್ಟಿ. ಹಳ್ಳ ಶುರುವಾಗುವ ಮೇಲ್ತುದಿಯಿಂದ ಕೆಳಗೆ ಬರಬೇಕು, ಕೆಳಗಿನಿಂದ ಮೇಲಕ್ಕಲ್ಲ.

ಕಂದಕ ತೋಡುವುದಾದರೆ ಎರಡು ಅಡಿ ಅಗಲ, ಒಂದೂವರೆ ಅಡಿ ಆಳ, ಹತ್ತು ಅಡಿ ಉದ್ದ ಸಾಕು. ಒಂದರ ಕೆಳಗೆ ಇನ್ನೊಂದು ಬರದಂತೆ ಸಂದು ಸಂದಾಗಿ ಇರಲಿ. ಲೆವೆಲ್ ಪೈಪ್ ಹಿಡಿಯದೆ ಕಣ್ಣಳತೆಯಲ್ಲಿ ತೋಡಿದ ಕಂದಕ ಒಂದು ಕಡೆ ತುಂಬಿ ಒಡೆಯುತ್ತದೆ. ಹಂತ 2ರಲ್ಲಿ ಜೀವಂತ ಅಂತ ಗುರುತಿಸಿದ ಬೊಡ್ಡೆಯ ಹತ್ತಿರ ಅಗೆಯಬೇಡಿ.

ಕಡಿದಾದ ಬೋಳು ಇಳಿಜಾರಿನಲ್ಲಿ ಮಾತ್ರ ಮೊದಲ ವರ್ಷವೇ ಬಿತ್ತಬಹುದು. ಅದೂ ಹುಲ್ಲು, ಜೊತೆಗೆ ಬಂದರಿಕೆ, ತಂಗಡಿಯಂಥ ಪೊದೆ. ಹುಲ್ಲಿನ ಬಣವೆ ಎತ್ತಿದ ಮೇಲೆ ತಳದಲ್ಲಿ ಉದುರಿದ ಬೀಜ ಸಿಗುತ್ತದಲ್ಲ, ಅದನ್ನು ಗುಡಿಸಿ ತಂದು ಕೆದಕಿದ ಮಣ್ಣಿಗೆ ಚೆಲ್ಲಿ. ಕಾಂಗ್ರೆಸ್ ಕಸ ಬೆಳೆದ ಜಾಗದ ಬಣವೆ ಬೇಡ.

ಹಂತ 4: ಒಂದು ಮಳೆಗಾಲ ಕಾದು ಎಣಿಸಿ

ಎಲ್ಲರೂ ಬಿಡುವ ಹಂತ ಇದು. ಕಾಯುವುದು ಫೋಟೋದಲ್ಲಿ ಚೆನ್ನಾಗಿ ಕಾಣಲ್ಲ ನೋಡಿ.

ಖಾನಾಪುರ ಕಡೆ ಆಗಸ್ಟ್‌ನಲ್ಲಿ, ಬಾಗಲಕೋಟೆ, ವಿಜಯಪುರ ಕಡೆ ಅಕ್ಟೋಬರ್‌ನಲ್ಲಿ ಎಣಿಕೆ ಮಾಡಿ. 40 ಮೀಟರ್ ಹಗ್ಗವನ್ನು ನಾಲ್ಕು ಗೂಟಕ್ಕೆ ಸುತ್ತಿದರೆ 10 ಮೀಟರ್ ಉದ್ದಗಲದ ಚೌಕ ಆಗುತ್ತದೆ. ಗುಡ್ಡದ ತಲೆ, ನಡು, ಬುಡ ಮೂರೂ ಕಡೆ ಇಂಥ ಕೆಲವು ಚೌಕ ಹಾಕಿ. ಚೆನ್ನಾಗಿ ಕಾಣುವ ಜಾಗವನ್ನೇ ಆರಿಸಬೇಡಿ. ಒಳಗೆ ಬುಡದಿಂದ ಚಿಗುರಿದ್ದು ಎಷ್ಟು, ಬೀಜದಿಂದ ಹುಟ್ಟಿದ್ದು ಎಷ್ಟು, ಯಾವ ಜಾತಿ, ಬರೆಯಿರಿ. ಒಂದೇ ಬೊಡ್ಡೆಯಿಂದ ಹತ್ತು ಚಿಗುರು ಬಂದಿದ್ದರೂ ಲೆಕ್ಕಕ್ಕೆ ಒಂದೇ.

ನಾನು ಇಟ್ಟುಕೊಳ್ಳುವ ಅಳತೆ ಇದು. ಚೌಕದಲ್ಲಿ ಹತ್ತಕ್ಕಿಂತ ಜಾಸ್ತಿ ನಾಡಿನ ಗಿಡ ಬಂದಿದ್ದರೆ ಅಲ್ಲಿ ಏನೂ ಹಚ್ಚುವುದಿಲ್ಲ, ಬರೀ ಕಾವಲು. ಮೂರರಿಂದ ಹತ್ತು ಇದ್ದರೆ ಬೀಜ ಊರುವುದು. ಮೂರಕ್ಕಿಂತ ಕಡಿಮೆ ಇದ್ದರೆ ಮಾತ್ರ ಸಸಿ. ಈ ಲೆಕ್ಕ ಹಿಡಿದರೆ ಎಷ್ಟೋ ಗುಡ್ಡಗಳಲ್ಲಿ ಸಸಿ ಬೇಕಾಗುವುದು ಅಲ್ಲಲ್ಲಿನ ಬೋಳು ಪಟ್ಟಿಗಳಿಗೆ ಮಾತ್ರ. ಐದು ಸಾವಿರ ಸಸಿಯ ಬಜೆಟ್ ಹಾಕಿಕೊಂಡವರಿಗೆ ಇದು ಹಿಡಿಸುವುದಿಲ್ಲ.

ಚಿಗುರಿನ ಗುಂಪನ್ನು ಮಳೆಗಾಲದಲ್ಲಿ ಸವರಬೇಡಿ. ಬೇರಿಗೆ ಆಗ ಎಲ್ಲ ಎಲೆಯೂ ಬೇಕು. ಡಿಸೆಂಬರ್ ಹೊತ್ತಿಗೆ, ಇಲಾಖೆಯ ಒಪ್ಪಿಗೆ ಇದ್ದರೆ, ನೆಟ್ಟಗಿರುವ ಒಂದೆರಡು ಚಿಗುರು ಬಿಟ್ಟು ಉಳಿದದ್ದನ್ನು ತೆಗೆಯಿರಿ. ಉಳಿಸುವುದು ಆದಷ್ಟೂ ನೆಲದ ಹತ್ತಿರದಿಂದ ಹೊರಟದ್ದಾಗಿರಲಿ. ಸುಟ್ಟ ಬೊಡ್ಡೆಯ ಮೇಲ್ಭಾಗದಿಂದ ಬಂದ ಕೊಂಬೆ ಬಲಿತ ಮೇಲೆ ಗಾಳಿಗೆ ಸಿಗಿದು ಬೀಳುತ್ತದೆ.

ಇದೇ ಮಳೆಗಾಲದಲ್ಲಿ ಕಳೆಯೂ ಬರುತ್ತದೆ. ಲಂಟಾನ ಬೆಂಕಿಗೆ ಸಾಯುವುದಿಲ್ಲ, ಬುಡದಿಂದ ಮತ್ತೆ ಎದ್ದು ಬರುತ್ತದೆ. ಮಣ್ಣು ಮೆತ್ತಗಿರುವಾಗ, ಹೂ ಬಿಡುವ ಮೊದಲು, ನೆಲಮಟ್ಟಕ್ಕಿಂತ ಮೂರು ಇಂಚು ಕೆಳಗೆ ಬೇರು ಕಡಿದು, ಬುಡ ಮೇಲಾಗಿ ಮಗುಚಿ ಇಡಿ. ಮೇಲಷ್ಟೇ ಸವರಿದರೆ ಒಂದಕ್ಕೆ ನಾಲ್ಕಾಗುತ್ತದೆ. ಇಳಿಜಾರಿನಲ್ಲಿ ಒಮ್ಮೆಗೇ ಎಲ್ಲ ಕೀಳದೆ ಪಟ್ಟಿ ಪಟ್ಟಿಯಾಗಿ ಕೀಳಿ, ಇಲ್ಲದಿದ್ದರೆ ಮಣ್ಣು ಹೋಗುತ್ತದೆ.

ಹಂತ 5: ಯಾವ ಗಿಡ, ಯಾವ ಬೀಜ

ಒಂದೇ ಜಿಲ್ಲೆ ಅಂತ ಒಂದೇ ಪಟ್ಟಿ ನಡೆಯುವುದಿಲ್ಲ. ಕಣಕುಂಬಿಯ ಮಳೆಯೂ ಸವದತ್ತಿಯ ಮಳೆಯೂ ಒಂದೇನಾ? ನಿಮ್ಮ ಗುಡ್ಡದ ಸುಡದೆ ಉಳಿದ ಮೂಲೆಯಲ್ಲಿ ಏನಿದೆಯೋ ಅದೇ ನಿಮ್ಮ ಪಟ್ಟಿ.

ಖಾನಾಪುರ, ಲೋಂಡಾ, ಜಾಂಬೋಟಿ ಕಡೆಗೆ ಮತ್ತಿ, ಕಿಂದಳ, ಹೊನ್ನೆ, ನಂದಿ, ಜಂಬೆ, ತಾರೆ, ಅಳಲೆ, ನೇರಳೆ, ಕೌಲು. ಗೋಕಾಕ, ಸವದತ್ತಿ, ಬಾದಾಮಿ, ಬೀಳಗಿಯ ಕಲ್ಲುಗುಡ್ಡಗಳಿಗೆ ದಿಂಡಲು, ಕಮರ, ಮುತ್ತುಗ, ಕಕ್ಕೆ, ತಪಸಿ, ಬೇವು, ಬಾರೆ, ಬಿಳಿಜಾಲಿ, ಪತ್ರಿ. ವಿಜಯಪುರದ ಎರೆ ನೆಲದ ಅಂಚಿಗೆ ಕರಿಜಾಲಿ, ಬನ್ನಿ, ಬೇವು. ಬಂಡೆ ಸಂದಿಗೆ ಅತ್ತಿ, ಬಸರಿ, ಅರಳಿ. ಇವನ್ನು ಹಕ್ಕಿಗಳೇ ಬಿತ್ತುತ್ತವೆ, ನೀವು ಕಷ್ಟಪಡಬೇಕಿಲ್ಲ.

ಬೇಡವಾದವು: ನೀಲಗಿರಿ, ಅಕೇಶಿಯಾ, ಗ್ಲಿರಿಸಿಡಿಯಾ, ಸುಬಾಬುಲ್, ಗುಲ್‌ಮೊಹರ್. ಬೇಗ ಹಸಿರು ಕಾಣುತ್ತವೆ ಅಂತ ನರ್ಸರಿಯಲ್ಲಿ ಇವನ್ನೇ ಕೈಗೆ ಕೊಡುತ್ತಾರೆ. ಯಾವುದೂ ನಮ್ಮ ಗುಡ್ಡದ್ದಲ್ಲ. ಬಳ್ಳಾರಿ ಜಾಲಿಯನ್ನಂತೂ ಯಾರೂ ಹಚ್ಚುವುದಿಲ್ಲ, ಆದರೆ ಅದರ ಕಾಯಿ ಇರುವ ಮುಳ್ಳನ್ನು ಬೇಲಿಗೆ ತಂದು ತಾವೇ ಬಿತ್ತಿಬಿಡುತ್ತಾರೆ.

ಬೀಜದ ವಿಷಯದಲ್ಲಿ ಸಮಯವೇ ಮುಖ್ಯ. ಬೇವು ಮತ್ತು ನೇರಳೆ ಬೀಜ ಎರಡು ಮೂರು ವಾರ ದಾಟಿದರೆ ಹುಟ್ಟುವುದು ಕಷ್ಟ. ಹಣ್ಣು ಉದುರಿದ ಕೂಡಲೇ ತಿರುಳು ತೊಳೆದು, ನೆರಳಲ್ಲಿ ಆರಿಸಿ, ಬಿತ್ತಿಬಿಡಬೇಕು. ಹಿಂದಿನ ವರ್ಷದ ಬೇವಿನ ಬೀಜ ಚೀಲಗಟ್ಟಲೆ ಕೊಟ್ಟರೂ ತರಬೇಡಿ. ಮುತ್ತುಗದ ಚಪ್ಪಟೆ ಕಾಯಿಯ ತುದಿಯಲ್ಲಿ ಒಂದೇ ಬೀಜ ಇರುತ್ತದೆ; ಮೇ, ಜೂನ್‌ನಲ್ಲಿ ಆರಿಸಿ ಕಾಯಿ ಸಮೇತ ಊರಬಹುದು. ಕಕ್ಕೆ ಬೀಜದ ಸಿಪ್ಪೆ ಗಟ್ಟಿ, ಒರಟು ಕಲ್ಲಿಗೆ ಒಂದು ಬದಿ ತಿಕ್ಕಿ ರಾತ್ರಿ ನೆನೆಸಿ. ಉಬ್ಬಿದ್ದನ್ನು ಊರಿ, ಉಬ್ಬದ್ದನ್ನು ಮತ್ತೆ ತಿಕ್ಕಿ. ಹೊನ್ನೆಗೆ ಸುತ್ತಲಿನ ರೆಕ್ಕೆ ಕತ್ತರಿಸಿ ಎರಡು ದಿನ ತಣ್ಣೀರಲ್ಲಿ ಇಡಿ. ಅಳಲೆ, ತಾರೆಗೆ ತಿರುಳು ಬಿಡಿಸಿ ಅಷ್ಟೇ ಹೊತ್ತು ನೆನೆಸಿ.

ಕರಿಜಾಲಿಗೆ ಇನ್ನೂ ಸುಲಭದ ದಾರಿ ಇದೆ. ಆಡು ತರುಬುವ ದೊಡ್ಡಿಗೆ ಹೋಗಿ. ಜಾಲಿಕಾಯಿ ತಿಂದ ಆಡುಗಳು ರಾತ್ರಿ ಮೆಲುಕು ಹಾಕುವಾಗ ಬೀಜ ಉಗುಳುತ್ತವೆ, ಕೆಲವು ಹಿಕ್ಕೆಯಲ್ಲೂ ಬರುತ್ತವೆ. ಹೊಟ್ಟೆಯೊಳಗೆ ಸಿಪ್ಪೆ ಮೆತ್ತಗಾಗಿರುವುದರಿಂದ ಅವು ಚೆನ್ನಾಗಿ ಹುಟ್ಟುತ್ತವೆ. ದೊಡ್ಡಿ ಗುಡಿಸಿದ ಕಸ ಜರಡಿ ಹಿಡಿದರೆ ಬೊಗಸೆ ಬೊಗಸೆ ಸಿಗುತ್ತದೆ. ಕುರಿಗಾಹಿಯ ಜೊತೆ ಮಾತಿಗೂ ದಾರಿಯಾಗುತ್ತದೆ, ಅದು ಮುಂದಿನ ಹಂತಕ್ಕೆ ಬೇಕು.

ಸಸಿ ಕೊಳ್ಳುವುದಾದರೆ ಎತ್ತರ ನೋಡಿ ಮರುಳಾಗಬೇಡಿ. ಗುಡ್ಡಕ್ಕೆ ಎರಡು ಅಡಿಯ, ಪೆನ್ಸಿಲ್ ದಪ್ಪದ ಕಾಂಡದ ಸಸಿ ಒಳ್ಳೆಯದು. ಒಂದೆರಡು ಚೀಲ ಬಿಚ್ಚಿಸಿ ನೋಡಿ: ಬೇರು ತಳದಲ್ಲಿ ಸಿಂಬೆ ಸುತ್ತಿಕೊಂಡಿದ್ದರೆ ಆ ಲಾಟು ಬೇಡ. ತಂದ ಮೇಲೆ ಎರಡು ವಾರ ಬಿಸಿಲಲ್ಲಿಟ್ಟು ನೀರು ಕಡಿಮೆ ಮಾಡುತ್ತ ಬನ್ನಿ. ನೆರಳು ಪರದೆಯಿಂದ ನೇರ ಗುಡ್ಡಕ್ಕೆ ಹೋದ ಸಸಿ ಒಂದೇ ವಾರದಲ್ಲಿ ಸುಟ್ಟುಹೋಗುತ್ತದೆ.

ಹಂತ 6: ಮೇವು ಮತ್ತು ಬೆಂಕಿ, ಸಸಿಗೆ ಮುಂಚೆ

ನವೆಂಬರ್, ಡಿಸೆಂಬರ್‌ನಲ್ಲಿ ಕುರಿ ಮೇಯಿಸುವವರನ್ನು ಕೂರಿಸಿ ಮಾತಾಡಿ. ಪೂರಾ ಗುಡ್ಡ ಮುಚ್ಚುತ್ತೇವೆ ಅಂದರೆ ಯಾರೂ ಒಪ್ಪುವುದಿಲ್ಲ, ಒಪ್ಪಬೇಕಾಗಿಯೂ ಇಲ್ಲ. ಮೂರು ಪಾಲು ಮಾಡಿ, ಒಂದು ಪಾಲನ್ನು ಮೂರು ವರ್ಷ ಬಿಡಿ ಅನ್ನಿ. ಆ ಪಾಲಿನ ಹುಲ್ಲನ್ನು ಕೊಯ್ದು ಒಯ್ಯಲು ಅವರಿಗೇ ಬಿಡಿ. ಅವರಿಗೆ ಮೇವು, ನಿಮಗೆ ಉರಿಯುವ ಸರಕು ಕಡಿಮೆ. ಆಯಕಟ್ಟಿನ ಕಡೆ ಬಾರೆ, ಕಾರೆ ಮುಳ್ಳಿನ ಬೇಲಿ ಸಾಕು, ತಂತಿಗೆ ದುಡ್ಡು ಸುರಿಯಬೇಡಿ.

ನಮ್ಮಲ್ಲಿ ಗುಡ್ಡದ ಬೆಂಕಿ ಹೆಚ್ಚಾಗಿ ಮನುಷ್ಯರದ್ದೇ. ಹೊಸ ಹುಲ್ಲು ಬರಲಿ ಅಂತ ಹಚ್ಚಿದ್ದು, ಜೇನು ಇಳಿಸುವಾಗ ಬಿದ್ದ ಕಿಡಿ, ಬೀಡಿ. ಇನ್ನೊಂದು ಕಬ್ಬಿನ ರವದಿ. ಕಟಾವು ಮುಗಿದ ಹೊಲದಲ್ಲಿ ರವದಿಗೆ ಹಚ್ಚಿದ ಬೆಂಕಿ ಮಧ್ಯಾಹ್ನದ ಗಾಳಿಗೆ ಬದು ದಾಟಿ ಗುಡ್ಡ ಹತ್ತುತ್ತದೆ. ಗುಡ್ಡಕ್ಕೆ ಹೊಂದಿದ ಕಬ್ಬಿನ ಹೊಲ ಯಾರದ್ದು ಅಂತ ಮೊದಲೇ ಬರೆದಿಟ್ಟುಕೊಂಡು, ಆ ರೈತರ ಫೋನ್ ನಂಬರ್ ಇಟ್ಟುಕೊಳ್ಳಿ. ಹಚ್ಚಲೇಬೇಡಿ, ಕೊಚ್ಚಿ ಮಣ್ಣಿಗೆ ಸೇರಿಸಿ ಅಂತ ಹೇಳಿ. ಅದಕ್ಕೂ ಒಪ್ಪದವರು ಹಚ್ಚುವ ಮೊದಲು ಒಂದು ಫೋನ್ ಮಾಡಿದರೂ ಅರ್ಧ ಅಪಾಯ ತಪ್ಪುತ್ತದೆ.

ಸುತ್ತ ಮೂರರಿಂದ ಐದು ಮೀಟರ್ ಅಗಲದ ಬೆಂಕಿ ಗೆರೆ ಜನವರಿ ಮುಗಿಯುವ ಮೊದಲು ಸಿದ್ಧ ಇರಬೇಕು. ಹುಲ್ಲು ಕೆತ್ತಿ ಮಣ್ಣು ಕಾಣುವಂತೆ ಮಾಡಿ. ಸುಟ್ಟು ಗೆರೆ ಮಾಡುವುದು ಇಲಾಖೆಯ ತರಬೇತಿ ಪಡೆದವರ ಕೆಲಸ, ನೀವು ಕೈ ಹಾಕಬೇಡಿ. ಭಾರತೀಯ ಅರಣ್ಯ ಸಮೀಕ್ಷೆ ಸಂಸ್ಥೆಯ ತಾಣದಲ್ಲಿ ಮೊಬೈಲ್ ನಂಬರ್ ನೋಂದಾಯಿಸಿದರೆ ಉಪಗ್ರಹ ಕಂಡ ಬೆಂಕಿಯ ಸಂದೇಶ ಬರುತ್ತದೆ. ಅದನ್ನೇ ನಂಬಿ ಕೂರಬೇಡಿ. ಉಪಗ್ರಹ ದಿನಕ್ಕೆ ಕೆಲವೇ ಸಲ ಹಾದುಹೋಗುತ್ತದೆ, ಅದರ ಒಂದು ಚುಕ್ಕೆಯೇ 375 ಮೀಟರ್ ಅಗಲ. ಗುಡ್ಡ ಕಾಣುವ ಮನೆಯ ಅಜ್ಜ ಅದಕ್ಕಿಂತ ಮೊದಲು ಹೊಗೆ ನೋಡಿರುತ್ತಾರೆ.

ಹಂತ 7: ತಗ್ಗು

ಏಪ್ರಿಲ್, ಮೇನಲ್ಲಿ ತೋಡಿ ಬಿಸಿಲಿಗೆ ಬಿಡಿ. ಮೆತ್ತನೆ ಮಣ್ಣಿಗೆ ಉದ್ದ, ಅಗಲ, ಆಳ 45 ಸೆಂಟಿಮೀಟರ್. ಗರಸು, ಕಲ್ಲು ನೆಲಕ್ಕೆ 60. ಸಾಲು ಹಿಡಿಯಬೇಡಿ. ಹಂತ 4ರಲ್ಲಿ ಬೋಳು ಅಂತ ಬರೆದ ಕಡೆ ಮಾತ್ರ, ನಾಲ್ಕೈದು ಮೀಟರ್ ಅಂತರದಲ್ಲಿ, ಮಣ್ಣು ನಿಂತಿರುವ ಜಾಗ ನೋಡಿ ತೋಡಿ. ಬಂಡೆಯ ಕೆಳಬದಿ, ಕಂದಕದ ಕೆಳ ಅಂಚು ಒಳ್ಳೆಯ ಜಾಗ. ಹಾರೆ ಬಡಿದರೆ ಠಣ್ ಅನ್ನುವ ಹಾಸುಬಂಡೆ ಮೇಲೆ ಹಠ ಹಿಡಿಯಬೇಡಿ, ಎರಡು ಹೆಜ್ಜೆ ಸರಿಯಿರಿ.

ಮೇಲಿನ ಅರ್ಧ ಅಡಿ ಮಣ್ಣು ಒಂದು ಕಡೆ, ಕೆಳಗಿನದು ಇನ್ನೊಂದು ಕಡೆ ಹಾಕಿ. ತುಂಬುವಾಗ ಮೇಲ್ಮಣ್ಣು ಬೇರಿನ ಹತ್ತಿರ ಹೋಗಬೇಕು. ಪೂರ್ತಿ ಕಳಿತ ಸಗಣಿ ಗೊಬ್ಬರ ಒಂದು ಬುಟ್ಟಿ, ಬೇವಿನ ಹಿಂಡಿ ಒಂದು ಹಿಡಿ. ಅರೆಬರೆ ಕಳಿತದ್ದು ಹಾಕಿದರೆ ಒರಲಿಯನ್ನು (ಗೆದ್ದಲನ್ನು) ಕರೆದು ಊಟಕ್ಕಿಟ್ಟಂತೆ. ಯೂರಿಯಾ ಬೇಡವೇ ಬೇಡ.

ಹಂತ 8: ಹಚ್ಚುವ ದಿನ

ಖಾನಾಪುರ ಸೀಮೆಯಲ್ಲಿ ಮಿರಗದ ಮಳೆ ನೆಲ ತೋಯಿಸಿದ ಮೇಲೆ, ಆರಿದ್ರಾ ಮುಗಿಯುವುದರೊಳಗೆ ಹಚ್ಚಿ. ಜುಲೈ ನಡುವಿಗೆ ಹೋದರೆ ಅಲ್ಲಿನ ಜಡಿಮಳೆಗೆ ಹೊಸ ಬೇರು ಕೊಳೆಯುತ್ತದೆ. ಬಾಗಲಕೋಟೆ, ವಿಜಯಪುರದಲ್ಲಿ ಜೂನ್ ನಂಬುವ ಹಾಗಿಲ್ಲ. ಒಂದೆರಡು ಮಳೆ ಬಂದು ಜುಲೈ ಪೂರ್ತಿ ಒಣಗಾಳಿ ಬೀಸುತ್ತದೆ, ಪರಿಸರ ದಿನದಂದು ಹಚ್ಚಿದ ಸಸಿಗಳು ಹೋಗುವುದು ಆಗಲೇ. ಆ ಕಡೆ ಸೆಪ್ಟೆಂಬರ್ ಮಳೆಯೇ ದೊಡ್ಡದು. ತಗ್ಗಿಗೆ ಕಬ್ಬಿಣದ ಸರಳು ಚುಚ್ಚಿ ಎಳೆಯಿರಿ. ಮೊಣಕೈ ಉದ್ದದವರೆಗೆ ಸರಳಿಗೆ ಹಸಿ ಮಣ್ಣು ಅಂಟಿದ್ದರೆ ಹಚ್ಚಿ. ಇಲ್ಲದಿದ್ದರೆ ಹುಬ್ಬಾ, ಉತ್ತರಾ ಮಳೆವರೆಗೆ ಸಸಿ ಮನೆ ಹತ್ತಿರವೇ ಇರಲಿ.

ಹಿಂದಿನ ಸಂಜೆ ಚೀಲಕ್ಕೆ ನೀರು ಹಾಕಿ. ಬೆಳಿಗ್ಗೆ ಅಥವಾ ಮೋಡದ ದಿನ ಹಚ್ಚಿ. ಸಸಿಯನ್ನು ಕಾಂಡ ಹಿಡಿದು ಎತ್ತಬೇಡಿ, ಚೀಲ ಹಿಡಿಯಿರಿ. ಪ್ಲಾಸ್ಟಿಕ್ಕನ್ನು ಬದಿಯಿಂದ ಸೀಳಿ ಪೂರ್ತಿ ತೆಗೆಯಿರಿ. ತಳ ಕತ್ತರಿಸಿ ಹಾಗೇ ಹೂಳಿದ ಸಸಿಗಳು ಎರಡು ವರ್ಷ ಆದ ಮೇಲೂ ಅಷ್ಟೇ ಎತ್ತರ ಇರುತ್ತವೆ, ಕಿತ್ತು ನೋಡಿದರೆ ಬೇರು ಚೀಲದಾಕಾರದಲ್ಲೇ ಇರುತ್ತದೆ. ಚೀಲದಲ್ಲಿ ಮಣ್ಣು ಎಲ್ಲಿವರೆಗೆ ಇತ್ತೋ ಅಷ್ಟೇ ಆಳಕ್ಕೆ ಇಡಿ, ಕಾಂಡ ಹೂಳಬೇಡಿ. ಸುತ್ತ ಮಣ್ಣು ತುಂಬಿ ಅಂಗಾಲಿನಿಂದ ಒತ್ತಿ. ಮೇಲಿನ ಎಲೆಯೊಂದನ್ನು ಹಿಡಿದು ಮೆಲ್ಲಗೆ ಎಳೆದಾಗ ಎಲೆ ಹರಿಯಬೇಕು, ಸಸಿ ಅಲುಗಬಾರದು.

ಇಳಿಜಾರಿನಲ್ಲಿ ಸಸಿಯ ಕೆಳಬದಿಗೆ ಅರ್ಧಚಂದ್ರದಂತೆ ಒಡ್ಡು ಕಟ್ಟಿ, ಬಾಯಿ ಮೇಲ್ಗಡೆಗೆ ಇರಲಿ. ಬುಡಕ್ಕೆ ಒಣಹುಲ್ಲು ಹೊದಿಸುವ ರೂಢಿ ಇದೆ, ಬೆಂಕಿ ಬೀಳುವ ಗುಡ್ಡದಲ್ಲಿ ಅದು ಸಸಿಯ ಬುಡಕ್ಕೆ ಚಿತೆ ಜೋಡಿಸಿದ ಹಾಗೆ. ಬದಲಿಗೆ ಚಪ್ಪಟೆ ಕಲ್ಲು ಇಡಿ, ಕಾಂಡದಿಂದ ನಾಲ್ಕು ಬೆರಳು ಬಿಟ್ಟು. ಕೆಳಗೆ ತೇವ ನಿಲ್ಲುತ್ತದೆ, ಕಳೆ ಬರಲ್ಲ, ಒರಲಿಗೂ ತಿನ್ನಲು ಏನಿಲ್ಲ.

ಬೀಜ ಊರುವವರಿಗೆ ಒಂದು ಮಾತು. ಕಮರದ ಬೇರು ನೆಟ್ಟಗೆ ಆಳಕ್ಕೆ ಇಳಿಯುವಂಥದ್ದು, ಚೀಲದಲ್ಲಿ ಬೆಳೆಸಿದರೆ ಮುರುಟುತ್ತದೆ. ಕಮರ, ಮುತ್ತುಗ, ಬಾರೆಯನ್ನು ನೇರ ಊರುವುದೇ ವಾಸಿ. ಕಾರೆಯಂಥ ಮುಳ್ಳುಪೊದೆಯ ಅಂಚಿನಲ್ಲಿ, ಒಂದು ಕಡೆ ಎರಡು ಮೂರು ಬೀಜ, ಬೀಜದ ದಪ್ಪದ ಎರಡರಷ್ಟು ಆಳ. ಪೊದೆ ನೆರಳೂ ಕೊಡುತ್ತದೆ, ಆಡಿನ ಬಾಯಿಯೂ ಮುಟ್ಟಲ್ಲ. ಬೀಜದುಂಡೆ ಎಸೆಯುವುದು ಮಕ್ಕಳಿಗೆ ಖುಷಿ, ಇರಲಿ. ಗಟ್ಟಿ ನೆಲದ ಮೇಲೆ ಬಿದ್ದ ಉಂಡೆಯ ಬೀಜ ಮೊಳೆತರೂ ಬೇರು ಇಳಿಯಲು ಜಾಗ ಇಲ್ಲದೆ ಒಣಗುತ್ತದೆ. ಅದರ ಲೆಕ್ಕದ ಮೇಲೆ ಯೋಜನೆ ಕಟ್ಟಬೇಡಿ.

ಹಂತ 9: ಮೂರು ಬೇಸಿಗೆ

ಮೊದಲ ವರ್ಷ ಮಳೆಗಾಲದ ಕೊನೆಗೊಮ್ಮೆ, ನವೆಂಬರ್‌ನಲ್ಲೊಮ್ಮೆ ಸಸಿಯ ಸುತ್ತ ಒಂದು ಮೀಟರ್ ಹುಲ್ಲು ತೆಗೆಯಿರಿ. ನೀರು ಖಾನಾಪುರದಲ್ಲಿ ಫೆಬ್ರವರಿಯಿಂದ, ಬಯಲಿನಲ್ಲಿ ಡಿಸೆಂಬರ್‌ನಿಂದಲೇ ಬೇಕು. ಹತ್ತು ಹದಿನೈದು ದಿನಕ್ಕೊಮ್ಮೆ ಒಂದು ಕೊಡ. ದಿನಾ ಒಂದು ಚೊಂಬು ಹಾಕುವುದು ಕೆಟ್ಟ ಅಭ್ಯಾಸ, ಬೇರು ಮೇಲೇ ಉಳಿದುಬಿಡುತ್ತದೆ. ಹೊತ್ತು ತರುವುದು ದೂರವಾದರೆ ಸಸಿಯ ಪಕ್ಕ ಸಣ್ಣ ಮಣ್ಣಿನ ಗಡಿಗೆ ಹೂತು ತುಂಬಿಸಿ, ಬಾಯಿಗೆ ಕಲ್ಲು ಮುಚ್ಚಿ. ಎರಡನೇ ಬೇಸಿಗೆಗೆ ತಿಂಗಳಿಗೊಮ್ಮೆ, ಮೂರನೆಯದಕ್ಕೆ ಬೇಡ. ಆಗಲೂ ನೀರು ಕೇಳುವ ಗಿಡ ಆ ಗುಡ್ಡದ್ದಲ್ಲ.

ಎಚ್ಚರಿಕೆಯ ಗುರುತುಗಳಲ್ಲಿ ಜನ ಉಲ್ಟಾ ತಿಳಿಯುವುದೇ ಜಾಸ್ತಿ. ಮಧ್ಯಾಹ್ನ ಎಲೆ ಬಾಡಿದರೆ ಹೆದರಬೇಡಿ. ಬೆಳಿಗ್ಗೆಯೂ ಬಾಡಿದ್ದರೆ ನೀರು ಬೇಕು. ಮಳೆಯಲ್ಲಿ ಕೆಳಗಿನ ಎಲೆ ಹಳದಿಯಾದರೆ ತಗ್ಗಲ್ಲಿ ನೀರು ನಿಂತಿದೆ, ಒಡ್ಡು ಸ್ವಲ್ಪ ಕಡಿದು ಬಿಡಿ. ಕಾಂಡದ ಮೇಲೆ ಮಣ್ಣಿನ ಪಟ್ಟಿ ಏರುತ್ತಿದ್ದರೆ ಒರಲಿ, ಕೆರೆದು ಹಾಕಿ. ತುದಿ ಒಂದೇ ಮಟ್ಟಕ್ಕೆ ಕತ್ತರಿಸಿದಂತಿದ್ದರೆ ಆಡು ಬಂದಿದೆ, ಬೇಲಿಯ ಸುತ್ತು ಹಾಕಿ ಎಲ್ಲಿಂದ ನುಗ್ಗಿತು ನೋಡಿ.

ಫೆಬ್ರವರಿಯಲ್ಲಿ ಎಲೆ ಪೂರ್ತಿ ಉದುರಿದ ಮುತ್ತುಗ, ದಿಂಡಲು, ಮತ್ತಿ ಸತ್ತಿಲ್ಲ. ಅವು ಎಲೆ ಉದುರಿಸುವ ಗಿಡಗಳೇ. ಹೊನ್ನೆ, ಮತ್ತಿಯಂಥವು ಮೊದಲ ಕೆಲವು ವರ್ಷ ಮೇಲಿನ ಕಾಂಡವನ್ನೇ ಒಣಗಿಸಿಕೊಂಡು, ಕೆಳಗೆ ಬೇರು ದಪ್ಪ ಮಾಡಿ, ಮಳೆಗೆ ಮತ್ತೆ ಎದ್ದು ಬರುತ್ತವೆ. ಒಣಗಿದ ಕಡ್ಡಿ ಅಂತ ಕಿತ್ತೆಸೆದರೆ ಮೂರು ವರ್ಷದ ಬೇರು ಹೋಯಿತು. ಉಗುರಿನಿಂದ ಬುಡ ಕೆರೆದು ನೋಡದೆ ಯಾವುದನ್ನೂ ಕೀಳಬೇಡಿ. ಸತ್ತದ್ದರ ಬದಲಿಗೆ ಹೊಸದು ಹಚ್ಚುವುದು ಎರಡನೇ ಮಳೆ ಬಂದು ಒಂದು ತಿಂಗಳಾದ ಮೇಲೆ.

ನಡುವೆ ಮತ್ತೆ ಬೆಂಕಿ ಬಿದ್ದರೆ

ಕೂಡಲೇ 112ಕ್ಕೆ ಮತ್ತು ಹತ್ತಿರದ ಅರಣ್ಯ ಕಚೇರಿಗೆ ಫೋನ್ ಮಾಡಿ. ಇಳಿಜಾರಿನಲ್ಲಿ ಬೆಂಕಿಯ ಮೇಲ್ಗಡೆ ಯಾರೂ ನಿಲ್ಲಬಾರದು, ಅದು ಮೇಲಕ್ಕೆ ಓಡುತ್ತದೆ. ಮಕ್ಕಳನ್ನು ಕರೆದೊಯ್ಯಬೇಡಿ.

ಆರಿದ ಮೇಲೆ ಸಸಿಗಳನ್ನು ಕಿತ್ತು ತಗ್ಗು ಖಾಲಿ ಮಾಡುವ ಅವಸರ ಬೇಡ. ಎರಡು ವರ್ಷ ದಾಟಿದ ಬೇವು, ಮುತ್ತುಗ, ಬಾರೆ, ಮತ್ತಿ ಬೇರಿನಿಂದ ಏಳುವ ಸಾಧ್ಯತೆ ಜಾಸ್ತಿ. ಮೇ ಕೊನೆಗೆ, ಮಳೆಗೆ ಮುಂಚೆ, ಸುಟ್ಟ ಕಾಂಡವನ್ನು ನೆಲದಿಂದ ಮೂರು ಬೆರಳು ಮೇಲೆ ಹರಿತವಾದ ಕತ್ತರಿಯಿಂದ ಓರೆಯಾಗಿ ಕತ್ತರಿಸಿ. ಕುಡಗೋಲಿನಿಂದ ಬಡಿದರೆ ಬುಡ ಸೀಳುತ್ತದೆ. ಬುಡದ ಕಲ್ಲುಗಳನ್ನು ಮತ್ತೆ ಜೋಡಿಸಿ. ನೋಟ್‌ಬುಕ್‌ನಲ್ಲಿ ಆ ಸಾಲಿನ ಮುಂದೆ ಸುಟ್ಟ ತಾರೀಖು ಬರೆದು, ಆಗಸ್ಟ್‌ನಲ್ಲಿ, ಬಾಗಲಕೋಟೆ, ವಿಜಯಪುರ ಕಡೆಯಾದರೆ ಅಕ್ಟೋಬರ್‌ನಲ್ಲಿ, ಹಗ್ಗ ತೆಗೆದುಕೊಂಡು ಹಂತ 4ಕ್ಕೆ ಹೋಗಿ.